ವೈರಸ್ ಅಡಗಿತು, ಉರಿ ಉಳಿಯಿತು

ಎಚ್‌ಐವಿಗೆ ಔಷಧ ಕೊಡುವ ಎಆರ್‌ಟಿ ಕೇಂದ್ರದಿಂದ ಹೊರಬರುವ ಬಹಳ ಮಂದಿಯ ಚೀಟಿಯಲ್ಲಿ ಈಗ ಒಳ್ಳೆಯ ಸುದ್ದಿಯೇ ಇರುತ್ತದೆ: ವೈರಲ್ ಲೋಡ್ ‘ಪತ್ತೆಯಾಗಿಲ್ಲ’. ಎಚ್‌ಐವಿ ಮೈಬಿಟ್ಟು ಹೋಗಿದೆ ಎಂದು ಇದರರ್ಥವಲ್ಲ. ರಕ್ತದಲ್ಲಿ ಅದು ಯಂತ್ರದ ಎಣಿಕೆಗೆ ಸಿಗದಷ್ಟು ಕಡಿಮೆಯಾಗಿದೆ. ಮಾತ್ರೆ ತಪ್ಪಿಸದೆ ಆ ಸ್ಥಿತಿಯನ್ನು ಕಾಯ್ದುಕೊಂಡವರು ಹೆಚ್ಚುಕಡಿಮೆ ಎಲ್ಲರಷ್ಟೇ ಕಾಲ ಬದುಕಬಲ್ಲರು. ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ದಾಟುವುದೂ ಇಲ್ಲ. 1986ರಲ್ಲಿ ಚೆನ್ನೈನಲ್ಲಿ ಭಾರತದ ಮೊದಲ ಪ್ರಕರಣಗಳು ಪತ್ತೆಯಾದಾಗ ಇಂಥ ದಿನವೊಂದು ಬರುತ್ತದೆಂದು ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ.

ಆದರೆ ಅದೇ ಚೀಟಿ ಹಿಡಿದ ವ್ಯಕ್ತಿ ರಾತ್ರಿ ಮನೆಯಲ್ಲಿ ಹೊದಿಕೆಯಿಂದ ಕಾಲು ಹೊರಗೆ ಚಾಚಿ, ನಿದ್ದೆಯಿಲ್ಲದೆ ಹೊರಳುತ್ತಿರಬಹುದು. ‘ಪಾದ ಉರೀತದ, ಮೆಣಸಿನಕಾಯಿ ಅರೆದು ಹಚ್ಚಿದಂಗಾಯ್ತದ’ ಎನ್ನುವುದು ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಮಾತಿನ ಧಾಟಿ. ಜೋಮು, ಜುಮುಜುಮು, ಇರುವೆ ಹರಿದಂತೆ, ಸೂಜಿ ಚುಚ್ಚಿದಂತೆ, ಸೆಳೆತ ಎಂದೆಲ್ಲ ಜನ ವರ್ಣಿಸುವುದನ್ನು ನರರೋಗ ತಜ್ಞರು ಚದುರಿದ ದೂರುಗಳೆಂದು ತಳ್ಳಿಹಾಕುವುದಿಲ್ಲ. ಅವರ ಪಾಲಿಗೆ ಅವು ಬಹುತೇಕ ರೋಗನಿರ್ಣಯವೇ. ಚೀಟಿಯಲ್ಲಿ ಮಾತ್ರ ಈ ಉರಿಗೆ ಜಾಗವಿಲ್ಲ. ವೈರಸ್ಸಿನ ಲೆಕ್ಕ ಬೇರೆ, ನೋವಿನ ಲೆಕ್ಕ ಬೇರೆ. ಮೊದಲನೆಯದು ಸರಿಹೋದರೆ ಎರಡನೆಯದು ತಾನಾಗಿ ಸರಿಹೋಗುತ್ತದೆ ಎಂಬ ನಂಬಿಕೆ ಏಕೆ ತಪ್ಪು ಎಂಬುದೇ ಈ ಅಧ್ಯಾಯದ ವಿಷಯ.

ಗಾಯ ಮಾಯಲು ಬೇಕಾದ ಅವಧಿ ಮುಗಿದು, ಮೂರು ತಿಂಗಳು ದಾಟಿದರೂ ಬಿಡದ ನೋವನ್ನು ವೈದ್ಯಶಾಸ್ತ್ರ ‘ದೀರ್ಘಕಾಲಿಕ ನೋವು’ ಎನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ಹೊಸ ವರ್ಗೀಕರಣದಲ್ಲಿ ಅದಕ್ಕೆ ಸ್ವಂತ ಸ್ಥಾನವಿದೆ. ಇನ್ನೊಂದು ಕಾಯಿಲೆಯ ಬಾಲವಾಗಿ ಅದನ್ನು ನೋಡಬೇಕಿಲ್ಲ. 2020ರಲ್ಲಿ ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ ನೋವಿನ ವ್ಯಾಖ್ಯೆಯನ್ನೇ ತಿದ್ದಿತು. ಅಂಗಾಂಶಕ್ಕೆ ನಿಜವಾಗಿ ಪೆಟ್ಟು ಬಿದ್ದಿರಲಿ, ಬೀಳುವಂತಿರಲಿ, ಅಥವಾ ಪೆಟ್ಟು ಬಿದ್ದಾಗ ಆಗುವಂಥದೇ ಅನುಭವವಷ್ಟೇ ಇರಲಿ, ಅದು ನೋವೇ. ಅದರಲ್ಲಿ ಮೈಯ ಪಾಲಿನಂತೆ ಮನಸ್ಸಿನ ಪಾಲೂ ಇದೆ. ‘ಎಕ್ಸ್-ರೇಯಲ್ಲಿ ಏನೂ ಇಲ್ಲವಲ್ಲ’ ಎಂದು ರೋಗಿಯನ್ನು ಸಾಗಹಾಕುವುದಕ್ಕೆ ಈ ವ್ಯಾಖ್ಯೆಯಲ್ಲಿ ಅವಕಾಶವಿಲ್ಲ.

ಎಚ್‌ಐವಿ ಇರುವವರಲ್ಲಿ ನೋವು ಎಷ್ಟು ಸಾಮಾನ್ಯ? ಕೇಪ್‌ಟೌನ್ ವಿಶ್ವವಿದ್ಯಾಲಯದ ರೋಮಿ ಪಾರ್ಕರ್ ಮತ್ತು ಸಂಗಡಿಗರು 2014ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ನೋವಿದೆ ಎಂದವರ ಪ್ರಮಾಣ ಅಧ್ಯಯನದಿಂದ ಅಧ್ಯಯನಕ್ಕೆ ಶೇ 54ರಿಂದ ಶೇ 83ರವರೆಗೆ ಇತ್ತು. ಬಹಳ ಮಂದಿಗೆ ಒಂದಕ್ಕಿಂತ ಹೆಚ್ಚು ಕಡೆ ನೋವು, ಅದೂ ಮಧ್ಯಮದಿಂದ ತೀವ್ರ ಮಟ್ಟದ್ದು, ಅದಕ್ಕೆ ಸಿಗುತ್ತಿದ್ದ ಚಿಕಿತ್ಸೆಯೋ ಅರೆಬರೆ. 2021ರ ಅಂದಾಜಿನಂತೆ ಕರ್ನಾಟಕದಲ್ಲಿ ಎಚ್‌ಐವಿಯೊಂದಿಗೆ ಬದುಕುತ್ತಿರುವವರು ಸುಮಾರು ಎರಡೂಮುಕ್ಕಾಲು ಲಕ್ಷ. ಮಹಾರಾಷ್ಟ್ರ, ಆಂಧ್ರಪ್ರದೇಶಗಳ ನಂತರದ ಸ್ಥಾನ ನಮ್ಮದು. ಇವರಲ್ಲಿ ಅರ್ಧದಷ್ಟು ಜನಕ್ಕೆ ನೋವಿದೆಯೆಂದರೂ ಅದು ಒಂದು ದೊಡ್ಡ ಊರಿನಷ್ಟು ಜನ.

ನಾಲೆಯ ಕೊನೆಯ ಗದ್ದೆ

ಕಾಲಿನ ಹೆಬ್ಬೆರಳಿನ ತುದಿಯಲ್ಲಿ ಉರಿಯನ್ನು ಗ್ರಹಿಸುವ ನರತಂತುವಿನ ಮೂಲಕೋಶ ಕಾಲಿನಲ್ಲಿಲ್ಲ. ಅದಿರುವುದು ಸೊಂಟದ ಹಿಂದೆ, ಬೆನ್ನುಮೂಳೆಯ ಪಕ್ಕದ ಡಾರ್ಸಲ್ ರೂಟ್ ಗ್ಯಾಂಗ್ಲಿಯನ್ ಎಂಬ ಸಣ್ಣ ಗಂಟಿನಲ್ಲಿ. ಅಲ್ಲಿಂದ ಬೆರಳಿನವರೆಗೆ ಒಂದೇ ಎಳೆ, ಸುಮಾರು ಒಂದು ಮೀಟರ್ ಉದ್ದ. ದಪ್ಪ ಮಾತ್ರ ಮಿಲಿಮೀಟರಿನ ಸಾವಿರದ ಒಂದು ಭಾಗದ ಆಸುಪಾಸು. ಆ ಎಳೆಗೆ ಬೇಕಾದ ಪ್ರೋಟೀನು, ಶಕ್ತಿ ಒದಗಿಸುವ ಮೈಟೊಕಾಂಡ್ರಿಯ, ಎಲ್ಲದರ ಬಹುಪಾಲು ಮೂಲಕೋಶದಲ್ಲಿ ತಯಾರಾಗಿ ತುದಿಯವರೆಗೆ ಸಾಗಬೇಕು. ಮೇಲೆ ನೀರು ಕಡಿಮೆಯಾದರೆ ನಾಲೆಯ ಕೊನೆಯಂಚಿನ ಗದ್ದೆ ಮೊದಲು ಒಣಗುವ ಹಾಗೆ, ಮೂಲಕೋಶಕ್ಕೆ ತೊಂದರೆಯಾದರೆ ಮೊದಲು ಸೊರಗುವುದು ಅತಿ ಉದ್ದದ ನರದ ತುದಿ. ಆದ್ದರಿಂದಲೇ ಈ ಕಾಯಿಲೆ ಎರಡೂ ಪಾದಗಳ ಬೆರಳುಗಳಲ್ಲಿ ಏಕಕಾಲಕ್ಕೆ ಶುರುವಾಗಿ ನಿಧಾನವಾಗಿ ಮೇಲಕ್ಕೆ ಏರುತ್ತದೆ. ಅದು ಮೊಣಕಾಲಿನ ಹತ್ತಿರ ಬರುವ ಹೊತ್ತಿಗೆ ಕೈಬೆರಳ ತುದಿಗಳಲ್ಲೂ ಜೋಮು ಕಾಣಿಸಿಕೊಳ್ಳುವುದುಂಟು. ದೇವರ ಮುನಿಸೂ ಅಲ್ಲ, ಮಾಟವೂ ಅಲ್ಲ. ನರದ ಉದ್ದದ ಲೆಕ್ಕ.

ವಿಚಿತ್ರವೆಂದರೆ ಎಚ್‌ಐವಿ ನರಕೋಶದ ಒಳಗೆ ಹೋಗುವುದೇ ಇಲ್ಲ. ಅದು ಸೇರಿಕೊಳ್ಳುವುದು ರಕ್ಷಣಾ ವ್ಯವಸ್ಥೆಯ ಕೋಶಗಳನ್ನು. ಆದರೆ ವೈರಸ್ಸಿನ ಹೊರಮೈಯಲ್ಲಿರುವ ಜಿಪಿ120 ಎಂಬ ಪ್ರೋಟೀನು ನರಕೋಶಗಳ ಮೇಲೂ ಅವುಗಳನ್ನು ಪೋಷಿಸುವ ಕೋಶಗಳ ಮೇಲೂ ಇರುವ ಗ್ರಾಹಕಗಳಿಗೆ ಅಂಟಿಕೊಂಡು ಕೆರಳಿಸಬಲ್ಲದು. ಜೊತೆಗೆ, ನರದ ಗಂಟುಗಳಿಗೆ ನುಗ್ಗಿದ ಮ್ಯಾಕ್ರೊಫೇಜ್ ಕೋಶಗಳು ಉರಿಯೂತದ ರಾಸಾಯನಿಕಗಳನ್ನು ಸ್ರವಿಸುತ್ತವೆ. ನೆರೆಮನೆಯ ಜಗಳದಲ್ಲಿ ನರಕ್ಕೆ ಪೆಟ್ಟು. ಮಾತ್ರೆಯಿಂದ ವೈರಸ್ ಅಡಗಿದ ಮೇಲೂ ಈ ಉರಿಯೂತ ಪೂರ್ತಿ ಶಮನವಾಗುವುದಿಲ್ಲ. ಸೋಂಕಿನ ಆರಂಭದ ದಿನಗಳಲ್ಲೇ ವೈರಸ್ ಕರುಳಿನ ಗೋಡೆಯ ರಕ್ಷಣಾ ಕೋಶಗಳನ್ನು ಅಪಾರವಾಗಿ ನಾಶ ಮಾಡಿರುತ್ತದೆ. ಆ ಗೋಡೆಯ ಮೂಲಕ ಬ್ಯಾಕ್ಟೀರಿಯಾಗಳ ತುಣುಕುಗಳು ರಕ್ತಕ್ಕೆ ಜಿನುಗುತ್ತಲೇ ಇರುವುದರಿಂದ ದೇಹ ವರ್ಷಗಟ್ಟಲೆ ಸಣ್ಣಗೆ ಕುದಿಯುತ್ತಿರುತ್ತದೆ.

ಇನ್ನೊಂದು ಒಗಟು: ಪಾದಕ್ಕೆ ಸ್ಪರ್ಶವೇ ಗೊತ್ತಾಗುವುದಿಲ್ಲ, ಆದರೂ ಉರಿಯುತ್ತದೆ. ಇದೆಂಥ ವಿರೋಧ? ಸತ್ತ ತಂತುಗಳು ಸುದ್ದಿ ಕಳಿಸುವುದನ್ನು ನಿಲ್ಲಿಸಿವೆ, ಅದು ಜೋಮು. ಗಾಯಗೊಂಡೂ ಉಳಿದ ತಂತುಗಳು ಯಾವ ಕಾರಣವೂ ಇಲ್ಲದೆ ತಮ್ಮಷ್ಟಕ್ಕೆ ಸಂಕೇತ ಕಳಿಸುತ್ತಿವೆ, ಅದು ಉರಿ. ಎರಡೂ ಒಂದೇ ಪಾದದಲ್ಲಿ ಇರಬಲ್ಲವು. ಇದನ್ನು ಪತ್ತೆಮಾಡಲು ದೊಡ್ಡ ಆಸ್ಪತ್ರೆ ಬೇಕಿಲ್ಲ. 128 ಹರ್ಟ್ಜ್‌ನ ಶ್ರುತಿಕವಲನ್ನು ಮಿಡಿದು ಹೆಬ್ಬೆರಳಿನ ಕೀಲಿನ ಮೇಲೆ ಇಟ್ಟಾಗ ಕಂಪನ ಎಷ್ಟು ಸೆಕೆಂಡು ತಿಳಿಯುತ್ತದೆ, ಹಿಮ್ಮಡಿಯ ಸ್ನಾಯುರಜ್ಜುವಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಪಾದ ಅಲುಗುತ್ತದೆಯೇ, ಈ ಎರಡನ್ನು ನೋಡಿದರೆ ಸಾಕು. ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಕೆಲವೇ ನಿಮಿಷದಲ್ಲಿ ಆಗುವ ಕೆಲಸ.

ಜೀವ ಉಳಿಸಿದ ಮಾತ್ರೆ, ಪಾದ ಸುಟ್ಟ ಮಾತ್ರೆ

2004ರ ಏಪ್ರಿಲ್ 1ರಂದು ಭಾರತ ಸರ್ಕಾರ ಉಚಿತ ಎಆರ್‌ಟಿ ಆರಂಭಿಸಿತು. ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆಗ ಕೊಡುತ್ತಿದ್ದ ಮುಖ್ಯ ಸಂಯೋಜನೆಯಲ್ಲಿ ಮೂರು ಔಷಧಗಳಿದ್ದವು: ಸ್ಟಾವುಡಿನ್, ಲಾಮಿವುಡಿನ್, ನೆವಿರಪಿನ್. ಈ ಮೂರನ್ನೂ ಒಂದೇ ಮಾತ್ರೆಯಲ್ಲಿ ಸೇರಿಸಿ ದಿನಕ್ಕೆ ಒಂದು ಡಾಲರಿಗೂ ಕಡಿಮೆ ಬೆಲೆಗೆ ಕೊಡುತ್ತೇನೆಂದು 2001ರಲ್ಲಿ ಮುಂಬೈನ ಸಿಪ್ಲಾ ಕಂಪನಿ ಹೇಳಿದ್ದರಿಂದಲೇ ಬಡದೇಶಗಳಲ್ಲಿ ಎಚ್‌ಐವಿ ಚಿಕಿತ್ಸೆ ಸಾಧ್ಯವಾಯಿತು. ಆ ಮಾತ್ರೆ ಉಳಿಸಿದ ಜೀವಗಳಿಗೆ ಲೆಕ್ಕವಿಲ್ಲ.

ಆದರೆ ಸ್ಟಾವುಡಿನ್‌ಗೆ ಒಂದು ಕೆಟ್ಟ ಗುಣವಿತ್ತು. ವೈರಸ್ಸಿನ ನಕಲು ಯಂತ್ರವನ್ನು ತಡೆಯಲು ಹೊರಟ ಅದು, ನಮ್ಮ ಮೈಟೊಕಾಂಡ್ರಿಯಗಳು ತಮ್ಮ ಡಿಎನ್‌ಎ ನಕಲಿಸಲು ಬಳಸುವ ಪಾಲಿಮರೇಸ್ ಗಾಮಾ ಎಂಬ ಕಿಣ್ವವನ್ನೂ ತಡೆಯುತ್ತಿತ್ತು. ಶಕ್ತಿ ಉತ್ಪಾದನೆ ಕುಸಿದಾಗ ಮೊದಲು ಹಸಿಯುವುದು ಮತ್ತೆ ಅದೇ ಕೊನೆಯಂಚು, ಪಾದದ ನರ. ಮೆಲ್ಬರ್ನ್, ಕ್ವಾಲಾಲಂಪುರ, ಜಕಾರ್ತಾಗಳ ರೋಗಿಗಳನ್ನು ನೋಡಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸ್ಟಾವುಡಿನ್ ನುಂಗಿದವರಲ್ಲಿ ಯಾರಿಗೆ ನರದ ಹಾನಿಯಾಗುತ್ತದೆಂಬುದನ್ನು ಎರಡು ಸರಳ ಸಂಗತಿಗಳಿಂದ ಊಹಿಸಬಹುದೆಂದು ತೋರಿಸಿತು: ವಯಸ್ಸು ಮತ್ತು ಎತ್ತರ. ಎತ್ತರದವರ ನರ ಉದ್ದ; ಹಾನಿಯ ಅಪಾಯ ಹೆಚ್ಚು.

ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಸ್ಟಾವುಡಿನ್ ಪ್ರಮಾಣ ಇಳಿಸಿತು. ಮುಂದೆ ಅದನ್ನು ಕೈಬಿಡುವಂತೆ ದೇಶಗಳಿಗೆ ಹೇಳಿತು. ಇಂದು ನಮ್ಮ ಕೇಂದ್ರಗಳಲ್ಲಿ ಸಿಗುವ ಮುಖ್ಯ ಮಾತ್ರೆ ಟೆನೊಫೊವಿರ್, ಲಾಮಿವುಡಿನ್, ಡೊಲುಟೆಗ್ರಾವಿರ್‌ಗಳದು. ನರಕ್ಕೆ ಹಾಗೆ ಕಾಡುವುದಿಲ್ಲ. ಆದರೆ ಮೊದಲ ಅಲೆಯಲ್ಲಿ ಮಾತ್ರೆ ಶುರುಮಾಡಿ ಬದುಕುಳಿದವರು ಈಗ ಐವತ್ತು, ಅರವತ್ತರ ಅಂಚಿನಲ್ಲಿದ್ದಾರೆ. ಔಷಧ ಬದಲಾದರೂ ಸತ್ತ ತಂತುಗಳೆಲ್ಲ ಮರಳಿ ಚಿಗುರಿಲ್ಲ. ‘ಈಗಿನ ಮಾತ್ರೆಗೆ ಕಾಲುರಿ ಬರುವುದಿಲ್ಲ’ ಎಂದು ವೈದ್ಯರು ಹೇಳುವುದು ನಿಜ. ‘ನನ್ನ ಕಾಲುರಿ ಮಾತ್ರೆಯಿಂದಲೇ ಬಂದದ್ದು’ ಎಂದು ಹಳೆಯ ರೋಗಿ ಹೇಳುವುದೂ ನಿಜ. ಇಬ್ಬರ ಮಾತಿನ ನಡುವೆ ಇರುವುದು ಎರಡು ದಶಕಗಳ ಅಂತರ.

ಕ್ಷಯದ ಔಷಧವೂ ಈ ಲೆಕ್ಕಕ್ಕೆ ಸೇರುತ್ತದೆ. ಎಚ್‌ಐವಿ ಇರುವವರಿಗೆ ಕ್ಷಯ ಬಾರದಂತೆ ಕೊಡುವ ಐಸೋನಿಯಜಿಡ್ ದೇಹದ ಬಿ6 ಜೀವಸತ್ವವನ್ನು ಬರಿದು ಮಾಡಿ ಜೋಮು ತರಬಲ್ಲದು. ಅದರ ಜೊತೆ ಪಿರಿಡಾಕ್ಸಿನ್ ಮಾತ್ರೆ ಕೊಡುವುದು ಅದಕ್ಕಾಗಿಯೇ. ‘ಬರೀ ವಿಟಮಿನ್ನು’ ಎಂದು ಅದನ್ನು ಬಿಟ್ಟರೆ ಬೆಲೆ ತೆರುವುದು ಪಾದ. ಸಕ್ಕರೆ ಕಾಯಿಲೆ, ಬಿ12 ಕೊರತೆ, ಹೆಂಡ, ಇವು ಮೂರೂ ಇದೇ ನರದ ಮೇಲೆ ಬೀಳುತ್ತವೆ. ಹಾಗಾಗಿ ಎಚ್‌ಐವಿ ಇದೆ ಎಂದ ಮಾತ್ರಕ್ಕೆ ಸಕ್ಕರೆ ಪರೀಕ್ಷೆ ಬಿಡುವಂತಿಲ್ಲ.

ಬೆನ್ನುಹುರಿ ಕಲಿತದ್ದು ಮರೆಯುವುದಿಲ್ಲ

ಉರಿಯ ಸುದ್ದಿ ಸೆಕೆಂಡಿಗೆ ಸುಮಾರು ಒಂದು ಮೀಟರ್ ವೇಗದಲ್ಲಿ ಬೆನ್ನುಹುರಿಗೆ ಬರುತ್ತದೆ. ಸ್ಪರ್ಶದ ಸುದ್ದಿ ಅದಕ್ಕಿಂತ ಹತ್ತಾರು ಪಟ್ಟು ಬೇಗ. ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಹೇಳಿದಂತೆ ಬೆನ್ನುಹುರಿ ಬಂದ ಸುದ್ದಿಯನ್ನೆಲ್ಲ ಹಾಗೇ ಮಿದುಳಿಗೆ ದಾಟಿಸುವುದಿಲ್ಲ. ಅಲ್ಲೊಂದು ತಡೆಯುವ ವ್ಯವಸ್ಥೆ ಇದೆ. ಸ್ಪರ್ಶದ ಸುದ್ದಿ ನೋವಿನ ಸುದ್ದಿಯನ್ನು ಒತ್ತಿಹಿಡಿಯಬಲ್ಲದು. ಪೆಟ್ಟಾದ ಕಡೆ ತಟ್ಟನೆ ಕೈಯಿಂದ ಉಜ್ಜಿಕೊಳ್ಳುವುದು ಇದೇ ಕಾರಣಕ್ಕೆ. ಹಗಲು ನಡೆದಾಡುತ್ತ, ಮಾತಾಡುತ್ತ ಇದ್ದಾಗ ಇಂಥ ಸುದ್ದಿಗಳು ಬೇಕಾದಷ್ಟು. ರಾತ್ರಿ ಎಲ್ಲ ಸುಮ್ಮನಾದಾಗ ಉರಿಯ ಸುದ್ದಿಗೆ ಎದುರಾಳಿಯೇ ಇಲ್ಲ. ‘ಹಗಲೊತ್ತು ಪರವಾಗಿಲ್ಲ, ರಾತ್ರಿ ತಡೆಯಕಾಗಲ್ಲ’ ಎಂದು ರೋಗಿ ಹೇಳಿದರೆ ಅದು ನಾಟಕವಲ್ಲ, ನರಶಾಸ್ತ್ರ.

ಕ್ಲಿಫರ್ಡ್ ವುಲ್ಫ್ 1983ರಲ್ಲಿ ತೋರಿಸಿದ್ದು ಇನ್ನೂ ಮುಂದಿನ ಸಂಗತಿ. ಕೆಳಗಿನಿಂದ ನೋವಿನ ಸಂಕೇತ ಎಡೆಬಿಡದೆ ಬಂದರೆ ಬೆನ್ನುಹುರಿಯ ಕೋಶಗಳೇ ಬದಲಾಗುತ್ತವೆ. ಮೊದಲು ಗಟ್ಟಿ ಪೆಟ್ಟಿಗೆ ಮಾತ್ರ ಪ್ರತಿಕ್ರಿಯಿಸುತ್ತಿದ್ದವು ಈಗ ಬಟ್ಟೆ ತಾಗಿದರೂ ಕೆರಳುತ್ತವೆ. ನೋವಿನ ಮೂಲ ಕಡಿಮೆಯಾದರೂ ಕಲಿತ ಅಭ್ಯಾಸ ಹೋಗುವುದಿಲ್ಲ. ನಿದ್ದೆಗೇಡು, ಭಯ, ಖಿನ್ನತೆ ಇದಕ್ಕೆ ಮೇಲಿನಿಂದ ನೀರೆರೆಯುತ್ತವೆ. ಮಿದುಳಿನಿಂದ ಕೆಳಗಿಳಿದು ನೋವನ್ನು ಅಡಗಿಸುವ ನರಮಾರ್ಗಗಳು ದುರ್ಬಲಗೊಳ್ಳುತ್ತವೆ. ಹೀಗಾಗಿ ಮನಸ್ಸಿನ ಚಿಕಿತ್ಸೆ ಎಂದರೆ ನೋವು ಸುಳ್ಳು ಎಂದಲ್ಲ. ನೋವಿನ ದಾರಿಯ ಒಂದು ತುದಿ ಅಲ್ಲಿದೆ ಎಂದರ್ಥ.

ಸರ್ಪಸುತ್ತು ಆದವರಿಗೆ ಈ ಪಾಠ ಚೆನ್ನಾಗಿ ಗೊತ್ತು. ಬಾಲ್ಯದಲ್ಲಿ ಸೀತಾಳೆ ಸಿಡುಬು ತಂದ ವೈರಸ್ ನರದ ಗಂಟುಗಳಲ್ಲಿ ದಶಕಗಟ್ಟಲೆ ಅವಿತಿದ್ದು, ರಕ್ಷಣಾಶಕ್ತಿ ಕುಗ್ಗಿದಾಗ ಎದೆ, ಬೆನ್ನು ಅಥವಾ ಮುಖದ ಒಂದೇ ಬದಿಯಲ್ಲಿ ಪಟ್ಟಿಯಾಗಿ ಗುಳ್ಳೆ ಏಳಿಸುತ್ತದೆ. ಎಚ್‌ಐವಿ ಇರುವವರಿಗೆ ಇದು ಬರುವ ಸಾಧ್ಯತೆ ಹಲವು ಪಟ್ಟು ಹೆಚ್ಚು. ಗುಳ್ಳೆ ಒಣಗಿದ ಮೇಲೂ ತಿಂಗಳುಗಟ್ಟಲೆ ಅಂಗಿ ತಾಗಿದರೆ ಬೆಂಕಿ ತಾಗಿದಂತಾಗಬಹುದು. ಗುಳ್ಳೆ ಎದ್ದ ಮೂರು ದಿನದೊಳಗೆ ಅಸೈಕ್ಲೊವಿರ್ ಶುರುವಾದರೆ ಕಾಯಿಲೆಯ ಉಪಟಳ ತಗ್ಗುತ್ತದೆ. ಕೆಮ್ಮಣ್ಣು ಬಳಿದು, ಶಾಂತಿ ಮಾಡಿಸಿ ವಾರ ಕಳೆದು ಬಂದರೆ ಆ ಅವಕಾಶ ಕೈತಪ್ಪಿರುತ್ತದೆ.

ಕಲ್ಲು, ಮಗ್ಗ, ಸೊಂಟ

ಎಲ್ಲ ನೋವನ್ನೂ ಎಚ್‌ಐವಿಯ ತಲೆಗೆ ಕಟ್ಟುವುದು ಇನ್ನೊಂದು ತಪ್ಪು. ಈ ಮೂರು ತಾಲ್ಲೂಕುಗಳ ದುಡಿಮೆಯನ್ನೇ ನೋಡಿ. ಕೊಳ್ಳೇಗಾಲದ ರೇಷ್ಮೆ ಮಗ್ಗದ ಮುಂದೆ ದಿನವಿಡೀ ಬಾಗಿ ಕೂರುವವರು, ಹಿಪ್ಪುನೇರಳೆ ಸೊಪ್ಪು ಹೊರುವವರು, ಕಬ್ಬು ಕಡಿಯುವವರು, ಅರಿಶಿಣ ಕೀಳುವವರು, ಕರಿಕಲ್ಲಿನ ಕ್ವಾರಿಯಲ್ಲಿ ಡ್ರಿಲ್ ಹಿಡಿಯುವವರು, ಹನೂರಿನ ಕಾಡಂಚಿನ ಊರುಗಳಿಂದ ಕೂಲಿಗಾಗಿ ಕೊಡಗು, ತಮಿಳುನಾಡಿನ ಕಡೆ ಹೋಗುವವರು. ಬೆನ್ನು, ಭುಜ, ಮಂಡಿ ನೋಯಲು ಇಲ್ಲಿ ವೈರಸ್ಸೇ ಬೇಕಿಲ್ಲ. ಡ್ರಿಲ್ಲಿನ ಕಂಪನ ಕೈಬೆರಳಿನ ನರ ಮತ್ತು ರಕ್ತನಾಳಗಳನ್ನು ಹಾಳುಮಾಡುತ್ತದೆಂಬುದು ಗಣಿ ವೈದ್ಯಕೀಯದ ಹಳೆಯ ತಿಳಿವಳಿಕೆ. ಅಂಥವರ ಕೈಯಲ್ಲಿ ಜೋಮು ಕಂಡರೆ ಕೆಲಸದ ಬಗ್ಗೆಯೂ ಕೇಳಬೇಕು.

ಕೆಲವು ನೋವುಗಳನ್ನು ಮಾತ್ರ ಕಾಯುತ್ತ ಕೂರಬಾರದು. ತೊಡೆಸಂದಿಯಲ್ಲಿ ಆಳದ ನೋವು, ಚಕ್ಕಂಬಕ್ಕಳ ಹಾಕಲು ಆಗದಿರುವುದು, ಕುಂಟುವುದು: ಇವು ತೊಡೆಮೂಳೆಯ ತಲೆಗೆ ರಕ್ತ ನಿಂತು ಮೂಳೆ ಸಾಯುತ್ತಿರುವುದರ ಲಕ್ಷಣ ಇರಬಹುದು. ಎಚ್‌ಐವಿ ಇರುವವರಲ್ಲಿ ಇದು ಉಳಿದವರಿಗಿಂತ ಹೆಚ್ಚು. ಸ್ಟೀರಾಯ್ಡ್ ಮತ್ತು ಹೆಂಡ ಅಪಾಯವನ್ನು ಇನ್ನೂ ಏರಿಸುತ್ತವೆ. ರಾತ್ರಿ ಜ್ವರ, ತೂಕ ಇಳಿಕೆಯ ಜೊತೆಗೆ ಬೆನ್ನುನೋವಿದ್ದರೆ ಬೆನ್ನುಮೂಳೆಯ ಕ್ಷಯ ನೆನಪಾಗಬೇಕು. ಹೊಸದಾಗಿ ಶುರುವಾದ ವಿಪರೀತ ತಲೆನೋವಿಗೆ, ಅದರಲ್ಲೂ ಸಿಡಿ4 ಎಂಬ ರಕ್ಷಣಾ ಕೋಶಗಳ ಎಣಿಕೆ ಕಡಿಮೆ ಇದ್ದಾಗ, ಅಂದೇ ಆಸ್ಪತ್ರೆ. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ಸೋಲಿಗ ಸಮುದಾಯದಲ್ಲಿ ಕುಡಗೋಲು ರಕ್ತಕೋಶದ ಕಾಯಿಲೆ ಇರುವುದು ವೈದ್ಯರಿಗೆ ಗೊತ್ತಿರುವ ವಿಷಯ. ಅದೂ ಮೂಳೆ ನೋವು ತರುತ್ತದೆ, ಅದೂ ತೊಡೆಮೂಳೆಯ ತಲೆಯನ್ನು ಸಾಯಿಸುತ್ತದೆ. ಒಬ್ಬರಿಗೆ ಎರಡು ಕಾಯಿಲೆ ಇರಬಾರದೆಂಬ ನಿಯಮವೇನೂ ಇಲ್ಲ.

ಗುಟ್ಟು ಮತ್ತು ಸೂಜಿ

ಈಗ ಒಬ್ಬ ಕೂಲಿ ಹೆಂಗಸನ್ನು ಊಹಿಸಿಕೊಳ್ಳಿ. ಹನೂರಿನಾಚೆಯ ಊರು. ಮಾತ್ರೆ ತರುವುದು ದೂರದ ಕೇಂದ್ರದಿಂದ. ಹತ್ತಿರದಲ್ಲೇ ಸಿಕ್ಕರೂ ಪರಿಚಯದವರು ಕಂಡಾರೆಂದು ದೂರಕ್ಕೆ ಹೋಗುವವರಿದ್ದಾರೆ. ಅಲ್ಲಿ ಆಪ್ತಸಮಾಲೋಚಕರು ಕೇಳುವುದು, ‘ಅಕ್ಕ, ಮಾತ್ರೆ ತಪ್ಪಿಸಿಲ್ಲ ತಾನೆ?’ ಇಲ್ಲ ಎನ್ನುತ್ತಾಳೆ, ಬಸ್ಸಿಗೆ ಹೊತ್ತಾಗಿದೆ, ಕಾಲುರಿಯ ಮಾತು ಎದ್ದೇ ಇಲ್ಲ. ನೋವು ತಡೆಯಲಾಗದಾಗ ಊರಿನ ಹತ್ತಿರದ ಕ್ಲಿನಿಕ್ಕಿಗೆ ಹೋಗಿ ‘ಸೂಜಿ ಹಾಕಿ’ ಎನ್ನುತ್ತಾಳೆ. ಅಲ್ಲಿ ಎಚ್‌ಐವಿ ವಿಷಯ ಹೇಳುವುದಿಲ್ಲ. ಒಂದು ಕಡೆ ಕಾಯಿಲೆ ಗೊತ್ತು, ನೋವು ಗೊತ್ತಿಲ್ಲ. ಇನ್ನೊಂದು ಕಡೆ ನೋವು ಗೊತ್ತು, ಕಾಯಿಲೆ ಗೊತ್ತಿಲ್ಲ.

ಈ ಗುಟ್ಟಿನ ಪರಿಣಾಮ ಮೂತ್ರಪಿಂಡದ ಮೇಲಾಗುತ್ತದೆ. ಟೆನೊಫೊವಿರ್ ಮೂತ್ರಪಿಂಡದ ಮೂಲಕ ಹೊರಹೋಗುವ ಔಷಧ; ಕೆಲವರಲ್ಲಿ ಅದಕ್ಕೆ ಹಾನಿ ಮಾಡಬಲ್ಲದು. ಡೈಕ್ಲೊಫೆನಾಕ್‌ನಂಥ ನೋವುನಿವಾರಕಗಳು ಮೂತ್ರಪಿಂಡದ ರಕ್ತಸಂಚಾರ ತಗ್ಗಿಸುತ್ತವೆ. ಎರಡೂ ಸೇರಿ, ಮೇಲೆ ಬಿಸಿಲಿನ ಕೆಲಸ, ಕುಡಿಯಲು ಸಾಲದ ನೀರು ಎಂದಾದರೆ ಮೂತ್ರಪಿಂಡ ಹಠಾತ್ತಾಗಿ ಸೋಲಬಹುದು. ಇಷ್ಟಾಗಿಯೂ ಲಾಭವೇನು? ನರದ ಉರಿಗೆ ಡೈಕ್ಲೊಫೆನಾಕ್ ಹೆಚ್ಚೇನೂ ಮಾಡುವುದಿಲ್ಲ. ನರನೋವಿಗೆಂದು ಕಾರ್ಬಮಜೆಪಿನ್ ಬರೆದುಕೊಟ್ಟರೆ ಅದು ಡೊಲುಟೆಗ್ರಾವಿರ್‌ನ ಮಟ್ಟವನ್ನು ರಕ್ತದಲ್ಲಿ ಇಳಿಸುತ್ತದೆ. ವೈರಸ್ ಮತ್ತೆ ತಲೆಯೆತ್ತುವ ದಾರಿ. ಗ್ಯಾಸ್ಟ್ರಿಕ್‌ಗೆಂದು ಕುಡಿಯುವ ಆಂಟಾಸಿಡ್ ಕೂಡ ಅದೇ ಹೊತ್ತಿಗೆ ಹೊಟ್ಟೆ ಸೇರಿದರೆ ಡೊಲುಟೆಗ್ರಾವಿರ್ ಸರಿಯಾಗಿ ಹೀರಲ್ಪಡುವುದಿಲ್ಲ.

ಗುಟ್ಟು ಇಟ್ಟುಕೊಂಡವರನ್ನು ದೂರಿ ಪ್ರಯೋಜನವಿಲ್ಲ. ಹೇಳಿದರೆ ಏನಾಗುತ್ತದೆಂಬುದನ್ನು ಅವರು ಕಣ್ಣಾರೆ ಕಂಡಿರುತ್ತಾರೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿನ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವುದನ್ನೂ ಒಪ್ಪಿಗೆಯಿಲ್ಲದೆ ವಿಷಯ ಬಯಲುಮಾಡುವುದನ್ನೂ ಅದು ನಿಷೇಧಿಸುತ್ತದೆ. ಕಾಯ್ದೆ ಪುಸ್ತಕದಲ್ಲಿದ್ದರೆ ಸಾಲದು. ಕ್ಲಿನಿಕ್ಕಿನ ಮೇಜಿನವರೆಗೆ ಬರಬೇಕು. ಅಲ್ಲಿಯವರೆಗೆ ಒಂದು ಉಪಾಯ: ರೋಗದ ಹೆಸರು ಹೇಳಲು ಆಗದಿದ್ದರೂ ‘ನಾನು ಟೆನೊಫೊವಿರ್ ಇರುವ ಮಾತ್ರೆ ತಗೋತೀನಿ, ಕಿಡ್ನಿಗೆ ಭಾರವಾಗೋ ಸೂಜಿ ಬೇಡ’ ಎನ್ನಬಹುದು. ಅದೇ ಔಷಧ ಹೆಪಟೈಟಿಸ್ ‘ಬಿ’ಗೂ ಕೊಡುವಂಥದ್ದು. ಸಂದೇಹ ಬಂದರೆ 1097ಕ್ಕೆ ಉಚಿತ ಕರೆ ಮಾಡಿ ಕೇಳಬಹುದು.

ಕೇಪ್‌ಟೌನ್ ಹತ್ತಿರ, ನ್ಯೂಯಾರ್ಕ್ ದೂರ

ಹಾಗಾದರೆ ಯಾವುದು ಕೆಲಸ ಮಾಡುತ್ತದೆ? ಇಲ್ಲಿ ವಿಜ್ಞಾನ ವಿನಯ ಕಲಿಯಬೇಕಾಯಿತು. ಸಕ್ಕರೆ ಕಾಯಿಲೆಯ ಕಾಲುರಿಗೆ ಉಪಯೋಗವಾಗುವ ಅಮಿಟ್ರಿಪ್ಟಿಲಿನ್ ಎಚ್‌ಐವಿಯ ಕಾಲುರಿಯಲ್ಲಿ 1998ರ ಎರಡು ಪ್ರಯೋಗಗಳಲ್ಲಿ ಹುಸಿ ಮಾತ್ರೆಗಿಂತ ಮೇಲೆನಿಸಲಿಲ್ಲ. ಪ್ರಿಗಾಬಲಿನ್ 2010ರ ದೊಡ್ಡ ಪ್ರಯೋಗದಲ್ಲಿ ಹಾಗೆಯೇ ಸೋತಿತು. ಹುಸಿ ಮಾತ್ರೆ ನುಂಗಿದವರಲ್ಲೂ ನೋವು ಗಣನೀಯವಾಗಿ ಇಳಿದಿತ್ತು ಎಂಬುದು ಗಮನಿಸಬೇಕಾದ ಮಾತು. ಯಾರೋ ಕೂರಿಸಿ ವಿಚಾರಿಸಿದರು, ವಾರ ಬಿಟ್ಟು ಮತ್ತೆ ಕೇಳಿದರು. ಆ ಗಮನವೂ ಚಿಕಿತ್ಸೆಯ ಭಾಗವಾಗಿದ್ದಿರಬೇಕು.

ಗೆದ್ದದ್ದು ಮೆಣಸಿನಕಾಯಿ! ಖಾರದ ಸತ್ವವಾದ ಕ್ಯಾಪ್ಸೈಸಿನ್ ಯಾವ ಗ್ರಾಹಕದ ಮೇಲೆ ಕೆಲಸ ಮಾಡುತ್ತದೆಂದು ಡೇವಿಡ್ ಜೂಲಿಯಸ್ 1997ರಲ್ಲಿ ಕಂಡುಹಿಡಿದರು. 2021ರಲ್ಲಿ ನೊಬೆಲ್ ಬಂತು. ಸುಮಾರು 43 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿ ತಾಗಿದಾಗ ತೆರೆದುಕೊಳ್ಳುವ ಗ್ರಾಹಕ ಅದು. ಖಾರ ತಾಗಿದಾಗಲೂ ಅದೇ ತೆರೆದುಕೊಳ್ಳುವುದರಿಂದ ಮಿದುಳಿಗೆ ‘ಬೆಂಕಿ’ ಎಂಬ ಸುದ್ದಿ ಹೋಗುತ್ತದೆ. ‘ಮೆಣಸಿನಕಾಯಿ ಹಚ್ಚಿದಂಗೆ’ ಎನ್ನುವ ರೋಗಿಯ ಮಾತು ಅಕ್ಷರಶಃ ಸರಿ. ಖಾರದ ಪ್ರಮಾಣ ಅತಿಯಾದರೆ ಆ ತಂತುಗಳ ತುದಿಗಳು ದಣಿದು ಹಿಂದೆ ಸರಿಯುತ್ತವೆ. ಶೇ 8ರ ಕ್ಯಾಪ್ಸೈಸಿನ್ ಪಟ್ಟಿಯನ್ನು ಒಮ್ಮೆ ಪಾದಕ್ಕೆ ಹಾಕಿ 12 ವಾರ ಗಮನಿಸಿದ ಪ್ರಯೋಗದ ವರದಿ 2008ರಲ್ಲಿ ಬಂತು. ನೋವು ಸರಾಸರಿ ಶೇ 23ರಷ್ಟು ಇಳಿದಿತ್ತು. ಹೋಲಿಕೆಯ ಗುಂಪಿನಲ್ಲಿ ಶೇ 11ರಷ್ಟು. ಇದು ಆಸ್ಪತ್ರೆಯಲ್ಲಿ ಮರಗಟ್ಟಿಸಿ ಹಾಕುವ ಪಟ್ಟಿ, ದುಬಾರಿಯೂ ಹೌದು. ಮನೆಯ ಮೆಣಸಿನಕಾಯಿ ಅರೆದು ಹಚ್ಚಿದರೆ ಗುಳ್ಳೆಯೇಳುವುದಷ್ಟೇ ಲಾಭ. ಅಮೆರಿಕದ ಎಚ್‌ಐವಿ ತಜ್ಞರ ಸಂಘ 2017ರಲ್ಲಿ ಕೊಟ್ಟ ಮಾರ್ಗಸೂಚಿ ನರದ ನೋವಿಗೆ ಮೊದಲು ಗಾಬಾಪೆಂಟಿನ್ ಹೇಳುತ್ತದೆ. ಜೊತೆಗೆ ಮನೋಚಿಕಿತ್ಸೆ, ಯೋಗ, ಫಿಸಿಯೋಥೆರಪಿ. ಮಾರ್ಫಿನ್ ಬಳಗದ ಔಷಧಗಳಿಗೆ ಮೊದಲ ಸಾಲಿನಲ್ಲಿ ಜಾಗವಿಲ್ಲ.

ನಮಗೆ ಹೆಚ್ಚು ಹತ್ತಿರವಾಗಬೇಕಾದದ್ದು ದಕ್ಷಿಣ ಆಫ್ರಿಕಾದ ಅನುಭವ. ಅಮೆರಿಕ, ಯೂರೋಪುಗಳಲ್ಲಿ ಹೆಚ್ಚಾಗಿ ಇರುವುದು ಎಚ್‌ಐವಿ-1ರ ‘ಬಿ’ ಉಪಪ್ರಕಾರ. ಭಾರತದಲ್ಲಿಯೂ ದಕ್ಷಿಣ ಆಫ್ರಿಕಾದಲ್ಲಿಯೂ ‘ಸಿ’. ಅಲ್ಲೂ ಶುರುವಾದದ್ದು ಸ್ಟಾವುಡಿನ್‌ನಿಂದ. ಅಲ್ಲೂ ಕ್ಷಯ, ಅಲ್ಲೂ ಮೈಮುರಿ ದುಡಿಮೆ, ಅಲ್ಲೂ ಗುಟ್ಟು. ಜೋಹಾನ್ಸ್‌ಬರ್ಗ್‌ನ ಆಂಟೋನಿಯಾ ವಾಡ್ಲಿ ಮತ್ತು ಸಂಗಡಿಗರು ರೋಗಿಗಳ ಓಡಾಟವನ್ನು ಮೈಗೆ ಕಟ್ಟಿದ ಸಣ್ಣ ಉಪಕರಣದಿಂದ ಅಳೆದರು. ದೀರ್ಘಕಾಲಿಕ ನೋವಿದ್ದವರೂ ನೋವಿಲ್ಲದವರೂ ಹೆಚ್ಚುಕಡಿಮೆ ಒಂದೇ ಸಮ ಓಡಾಡುತ್ತಿದ್ದರು. ‘ಕೆಲಸ ಮಾಡ್ತಾಳಲ್ಲ, ಇವಳಿಗೇನು ನೋವು?’ ಎಂಬ ನಮ್ಮ ಸುಲಭದ ಅಳತೆಗೋಲು ಇಲ್ಲಿ ಮುರಿಯುತ್ತದೆ. ಕೂಲಿ ಬಿಟ್ಟರೆ ಒಲೆ ಉರಿಯುವುದಿಲ್ಲ. ಮಲಗಿದರೆ ಊರು ಕಾರಣ ಕೇಳುತ್ತದೆ. ದುಡಿಯುತ್ತಿರುವುದು ನೋವಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ.

ರೋಮಿ ಪಾರ್ಕರ್ ತಂಡ ಕೇಪ್‌ಟೌನ್ ಬಳಿಯ ಷೋಸಾ ಭಾಷೆಯ ಮಹಿಳೆಯರಿಗಾಗಿ ಆರು ವಾರದ ಕಾರ್ಯಕ್ರಮ ರೂಪಿಸಿತು. ನೋವು ಎಂದರೇನೆಂಬ ವಿವರಣೆ, ಸರಳ ವ್ಯಾಯಾಮ. ನಡೆಸಿದವರು ಅವರಂತೆಯೇ ಎಚ್‌ಐವಿ ಇರುವವರೇ. ಇನ್ನೊಂದು ಗುಂಪಿಗೆ ಬರೀ ಪುಸ್ತಿಕೆ ಕೊಟ್ಟರು. ಎರಡು ಗುಂಪುಗಳಲ್ಲೂ ನೋವು ಇಳಿಯಿತು. ಸಂಶೋಧಕರು ನಿರೀಕ್ಷಿಸಿದ ವ್ಯತ್ಯಾಸ ಸಿಗಲಿಲ್ಲ, ಆದರೆ ನಮಗೆ ಸಿಗುವ ಪಾಠ ಅಮೂಲ್ಯ: ತಮ್ಮದೇ ಭಾಷೆಯಲ್ಲಿ ನೋವನ್ನು ಯಾರಾದರೂ ವಿವರಿಸಿ, ಅದರ ಬಗ್ಗೆ ಮತ್ತೆ ಮತ್ತೆ ವಿಚಾರಿಸುವುದೇ ಒಂದು ಮದ್ದು. ಮೈಸೂರಿನ ಅಶೋದಯ ಸಮಿತಿಯಂಥ ಸಂಘಟನೆಗಳು ಹೀಗೆ ಅದೇ ಪಾಡಿನವರಿಂದಲೇ ಆರೋಗ್ಯದ ಮಾತು ತಲುಪಿಸುವುದನ್ನು ಪಕ್ಕದ ಜಿಲ್ಲೆಯಲ್ಲೇ ಮಾಡಿ ತೋರಿಸಿವೆ. ಕನ್ನಡದಲ್ಲಿ, ಚಾಮರಾಜನಗರದ ಮಾತಿನಲ್ಲಿ ಇಂಥದೊಂದು ಪುಸ್ತಿಕೆ ಬರೆಯಲು ಕೋಟಿ ರೂಪಾಯಿ ಬೇಕಿಲ್ಲ.

ಮನೆಯಲ್ಲೇ ಮಾಡಬಹುದಾದದ್ದೂ ಇದೆ. ಸ್ಪರ್ಶ ತಿಳಿಯದ ಪಾದಕ್ಕೆ ಬಿಸಿನೀರು, ಕಾದ ಇಟ್ಟಿಗೆ ಬೇಡ, ಸುಟ್ಟದ್ದು ಗೊತ್ತಾಗುವುದಿಲ್ಲ. ಮಲಗುವ ಮುನ್ನ ಅಂಗಾಲು ನೋಡಿಕೊಳ್ಳಬೇಕು. ಮುಳ್ಳು, ಕಲ್ಲುಚೂರು, ಬಿರುಕು ಇದ್ದರೆ ಅಂದೇ ಶುಚಿಮಾಡಬೇಕು. ಮಾದಪ್ಪನ ಬೆಟ್ಟಕ್ಕೆ ತಾಳಬೆಟ್ಟದಿಂದ ಬರಿಗಾಲಲ್ಲಿ ಹತ್ತುವ ಹರಕೆ ಇದ್ದವರು, ಪಾದದ ಸ್ಪರ್ಶ ಹೋಗಿದ್ದರೆ, ಚಪ್ಪಲಿ ಮೆಟ್ಟಿ ಹತ್ತುವುದೇ ಲೇಸು. ಸಡಿಲ ಪಾದರಕ್ಷೆ, ದಿನವೂ ತುಸು ನಡಿಗೆ, ಹೆಂಡದಿಂದ ದೂರ. ನಿದ್ದೆ ಕೆಟ್ಟು, ಬದುಕು ಸಾಕೆನಿಸುತ್ತಿದ್ದರೆ 14416ರ ಟೆಲಿ-ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಎರಡು ಪ್ರಶ್ನೆ

ಅಮೆರಿಕದ ಆ 2017ರ ಮಾರ್ಗಸೂಚಿಯಲ್ಲಿ ಅತಿ ಅಗ್ಗದ, ಬಹುಶಃ ಅತಿ ಮುಖ್ಯವಾದ ಸಲಹೆ ಎರಡು ಪ್ರಶ್ನೆಗಳದು. ಎಚ್‌ಐವಿ ಇರುವ ಪ್ರತಿಯೊಬ್ಬರನ್ನೂ ಕೇಳಬೇಕು: ಹೋದ ವಾರ ಮೈಯಲ್ಲಿ ಎಷ್ಟು ನೋವಿತ್ತು? ಮೂರು ತಿಂಗಳಿಗಿಂತ ಹೆಚ್ಚಾಗಿ ಇರುವ ನೋವು ಏನಾದರೂ ಇದೆಯೇ? ಇದ್ದರೆ ಎಲ್ಲಿ, ಹೇಗೆ, ಅದರಿಂದ ಯಾವ ಕೆಲಸ ನಿಂತಿದೆ ಎಂದು ಮುಂದುವರಿಯಬೇಕು. ಇದಕ್ಕೆ ಯಂತ್ರ ಬೇಡ, ಪ್ರಯೋಗಾಲಯ ಬೇಡ. ಮಾತ್ರೆ ಎಣಿಸುವ ಆಪ್ತಸಮಾಲೋಚಕರೇ ಕೇಳಿ, ಉತ್ತರವನ್ನು ಸೊನ್ನೆಯಿಂದ ಹತ್ತರವರೆಗಿನ ಒಂದು ಅಂಕಿಯಾಗಿ ವೈರಲ್ ಲೋಡಿನ ಪಕ್ಕದಲ್ಲೇ ಬರೆಯಬಹುದು.

ಬರೆದದ್ದರಿಂದ ಏನಾಗುತ್ತದೆ? ಮುಂದಿನ ಸಲ ಬಂದಾಗ ಎಂಟು ಆರಾಗಿದೆಯೋ ಒಂಬತ್ತಾಗಿದೆಯೋ ಗೊತ್ತಾಗುತ್ತದೆ. ಒಬ್ಬರಿಗೆ ಗಾಬಾಪೆಂಟಿನ್ ಬೇಕೋ, ಇನ್ನೊಬ್ಬರಿಗೆ ಸೊಂಟದ ಎಕ್ಸ್-ರೇ ಬೇಕೋ, ಮತ್ತೊಬ್ಬರಿಗೆ ಪಿರಿಡಾಕ್ಸಿನ್ ಸಾಕೋ ಎಂದು ವಿಂಗಡಿಸಲು ಬರುತ್ತದೆ. ಸೂಜಿಗಾಗಿ ಅಲೆಯುವುದು ತಪ್ಪುತ್ತದೆ, ಮೂತ್ರಪಿಂಡ ಉಳಿಯುತ್ತದೆ. ನೋವಿನಿಂದ ಬೇಸತ್ತು ‘ಈ ಮಾತ್ರೆಯಿಂದಲೇ ಇದೆಲ್ಲ’ ಎಂದು ಎಆರ್‌ಟಿ ಬಿಟ್ಟುಬಿಡುವವರು ಕಡಿಮೆಯಾಗುತ್ತಾರೆ. ಅಂದರೆ ವೈರಸ್ಸಿನ ಲೆಕ್ಕವೂ ಭದ್ರವಾಗುತ್ತದೆ. ಎರಡು ದಶಕಗಳ ಹಿಂದೆ ಸಾವಿನಿಂದ ಪಾರುಮಾಡಿದ ವ್ಯವಸ್ಥೆ ಇದು. ಪಾರಾದವರು ಈಗ ಮುಪ್ಪಿನತ್ತ ನಡೆದಿದ್ದಾರೆ. ಅವರ ಚೀಟಿಯಲ್ಲಿ ನೋವಿಗೊಂದು ಕಲಂ ಸೇರಿಸುವುದು ಆ ವ್ಯವಸ್ಥೆ ಮಾಡಬೇಕಾದ ಮುಂದಿನ ಕೆಲಸ, ಮತ್ತು ಅದನ್ನು ನಾಳೆಯೇ ಶುರುಮಾಡಬಹುದು.